ಫ್ರೆಂಡ್ ನವೀಕರಣ

ಒಬ್ಬರಿಗೆ ಒಬ್ಬರೇ ಫ್ರೆಂಡ್ ಎಂಬ ಕಾನೂನು ಬಂದು ಇಪ್ಪತ್ತು ವರ್ಷವಾಗಿತ್ತು. ಪ್ರತಿ ಜೂನ್‌ನಲ್ಲಿ ಅಂಬುಜಾಕ್ಷಿ ಪದ ಕಚೇರಿಗೆ ಹೋಗಿ, ತನಗೂ ವಾರಿಜಳಿಗೂ ಸೇರಿದ ಆ ಪದವನ್ನು ನವೀಕರಿಸಿಕೊಂಡು ಬರುತ್ತಿದ್ದಳು. ಮಂಡಿನೋವಿನ ವಾರಿಜ ಅರ್ಜಿಗೆ ಸಹಿ ಹಾಕಿ ಕೊಟ್ಟುಕಳಿಸುತ್ತಿದ್ದಳು. ಈ ಸಲ ಲಕೋಟೆಗೆ ಅಂಟು ಹಾಕಿದ್ದಳು.

ಗುಮಾಸ್ತ ತಿಪ್ಪೇಸ್ವಾಮಿ ಒಡೆದು ಓದಿದ. “ಅಮ್ಮಾ, ಇದು ನವೀಕರಣ ಅಲ್ಲ, ವರ್ಗಾವಣೆ. ಅವರ ಫ್ರೆಂಡ್ ಇನ್ಮೇಲೆ ಎದುರುಮನೆ ಡಾಕ್ಟರ ಹೆಂಡ್ತಿ.”

“ಅದನ್ನ ನನ್ ಕೈಲೇ ಕಳ್ಸಿದ್ಲಾ?”

“ಅವರಿಗೆ ಮಂಡಿನೋವಲ್ವಾ?”

ಅಂಬುಜಾಕ್ಷಿ ಕುರ್ಚಿ ಹುಡುಕಿ ಕುಳಿತಳು. ತಿಪ್ಪೇಸ್ವಾಮಿಗೆ ಕನಿಕರ ಬಂತು.

“ಬೇಜಾರಾಗ್ಬೇಡಿ, ಅದೇ ಅರ್ಥದ ಬೇರೆ ಪದ ಕೊಡ್ತೀನಿ. ಸ್ನೇಹಿತೆ ಸದ್ಯಕ್ಕೆ ಖಾಲಿ ಇಲ್ಲ. ಗೆಳತಿಗೆ ಕವಿಗಳದ್ದೇ ಕ್ಯೂ. ಪರಿಚಿತೆ ಬೇಕಾದಷ್ಟಿದೆ, ಬೀದೀಲಿ ಸಿಕ್ಕಾಗ ನಗಬಹುದು. ಹಿತೈಷಿ ಅಂದ್ರೆ ಲಗ್ನಪತ್ರಿಕೇಲಿ ಕೊನೇ ಸಾಲು, ಅಷ್ಟೇ.”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ವಾರಿಜಳ ದನಿ ಎಂದಿನಂತೆ ಸಲೀಸಾಗಿತ್ತು. “ಏನೇ ಅಂಬು, ಕೆಲಸ ಆಯ್ತಾ? ಬರ್ತಾ ನಂಗೆ ಎರಡು ಮೊಳ ಮಲ್ಲಿಗೆ ತಗೊಂಬಾರೆ.”

ಅಂಬುಜಾಕ್ಷಿ ಕಚೇರಿಯ ಗೋಡೆಗೆ ತೂಗುಹಾಕಿದ ಪದಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅರ್ಜಿ, ಸಹಿ, ಸರದಿ ಯಾವುದೂ ಬೇಡದ ಪದ ಅದರಲ್ಲಿ ಒಂದೇ ಇತ್ತು.

“ಆಯ್ತು, ಮೇಡಂ,” ಎಂದಳು. “ಮಲ್ಲಿಗೆ ಎದುರುಮನೆಯವರು ತರ್ತಾರೆ.”