ಕೌದಿಯ ವಾಸನೆ

ಅಜ್ಜಿ ತೀರಿಕೊಂಡ ಮೇಲೆ ನಿನ್ನೆ ತಮ್ಮನೂ ನಾನೂ ಅವಳ ಟ್ರಂಕು ತೆರೆದೆವು. ಸೀರೆಗಳ ನಡುವೆ ಒಣಗಿದ ಬೇವಿನ ಎಲೆಗಳಿದ್ದವು.

ಮೊದಲು ಅಲ್ಲಿ ನುಸಿಗುಳಿಗೆ ಇರುತ್ತಿತ್ತು. ಹುಟ್ಟಿದ ಕೂಸನ್ನು ಆ ಟ್ರಂಕಿನ ಕೌದಿಯಲ್ಲೇ ಸುತ್ತುವುದು ನಮ್ಮ ಮನೆಯ ಪದ್ಧತಿ. ಇನ್ನೂ ಹೆಸರಿಡದ ತಮ್ಮನನ್ನೂ ಹಾಗೇ ಸುತ್ತಿದ್ದರು. ಒಂದು ಮಧ್ಯಾಹ್ನ ಅವನ ಕಣ್ಣು ಅರಿಶಿನದಂತಾಯಿತು, ಉಚ್ಚೆ ಕರಿ ಚಹಾದಂತೆ ಬಂತು. ಅವ್ವ, ಅಜ್ಜಿ, ನಾನು ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ.

ಡಾಕ್ಟರು ಕೌದಿಯನ್ನು ಮೂಸಿದರು. "ನುಸಿಗುಳಿಗಿ ಇಟ್ಟಿದ್ರೇನ್ರಿ?"

"ಇಡದ ಏನ್ರಿ? ಇವರಪ್ಪನೂ ಇದರಾಗ ಬೆಳದಾನ," ಎಂದಳು ಅಜ್ಜಿ.

"ಈ ಕೂಸಿನ ರಕ್ತದಾಗ ಒಂದು ಎಂಜೈಮ್ ಕಡಿಮಿ ಇದ್ದಂಗ ಕಾಣತೈತ್ರಿ. ರಕ್ತಕಣ ಕಾಪಾಡೋದು ಅದೇ. ಅದಿಲ್ಲಂದ್ರ ಈ ವಾಸನಿಗೇ ಕಣ ಒಡೀತಾವು. ಲಗೂ ರಕ್ತ ಕೊಡಬೇಕು."

"ಉಳಿತೈತೇನ್ರಿ?" ಎಂದ ಅವ್ವ ಗೋಡೆಗೊರಗಿ ಕುಸಿದಳು. ಡಾಕ್ಟರು ನರ್ಸನ್ನು ಕರೆದರು.

ಅಜ್ಜಿ ಕೌದಿ ಕಿತ್ತೆಸೆದು ಕೂಸನ್ನು ಸೆರಗಿನಲ್ಲಿ ಅವಚಿಕೊಂಡಳು. ಮರುಕ್ಷಣ ಆ ಸೆರಗನ್ನೇ ಮೂಸಿದಳು. ಅದೂ ಟ್ರಂಕಿನ ಸೀರೆ. ಕೂಸನ್ನು ನನ್ನ ಕೈಗಿತ್ತು ಬಾಗಿಲಾಚೆ ಹೋಗಿ ನಿಂತಳು.

"ಒಳಗ ಬಾ ಅಜ್ಜಿ," ಎಂದು ನಾನು ಅಳತೊಡಗಿದೆ.

"ಬ್ಯಾಡ ಮಗಳ. ನೀನ ಹಿಡಕೋ. ಗಟ್ಟಿ ಹಿಡಕೋ."