ಬಾಲಂಗೋಚಿ ಇದ್ದ ಪಟ

"ಅಗೋ, ಆ ಕಂಬದ ಎಡಗಡೆ. ಅಲ್ಲಿಯೇ ನಮ್ಮ ರಾಯರು ಫುಟ್‌ಬಾಲ್ ಕಪ್ಪನ್ನು ಗಾಳಿಗೆ ಹಾರಿಬಿಟ್ಟದ್ದು!"

ಹೋಟೆಲಿನ ವಿಠ್ಠಲ ಶೆಣೈ ಗೋಲುಕಂಬದ ಕಡೆ ಕೈ ತೋರಿಸಿದಾಗ ಗ್ಯಾಲರಿಯಲ್ಲಿ ಕೂತವರೆಲ್ಲ ನಕ್ಕರು. ಒಂದು ಕಾಲದಲ್ಲಿ ರೈಲ್ವೆ ತಂಡದ ಗೋಲ್‌ಕೀಪರ್ ಆಗಿದ್ದ ಜನಾರ್ದನ ರಾಯರೂ ನಕ್ಕರು. ನಗದೆ ಇದ್ದವಳು ಅವರ ಮಗಳು ಸುಮತಿ ಒಬ್ಬಳೇ.

ಬರೋಡಾ ಊರಾಚೆಯ ಆ ಹಳೆಯ ಮೈದಾನಕ್ಕೆ ಅದು ಕೊನೆಯ ಭಾನುವಾರ. ನಾಳೆಯಿಂದ ಗ್ಯಾಲರಿಯ ಹಲಗೆಗಳನ್ನು ಕಳಚಿ, ಅಲ್ಲೊಂದು ಗೋದಾಮು ಕಟ್ಟುತ್ತಾರಂತೆ. ಒಮ್ಮೆ ಕೂತು ಎದ್ದು ಹೋಗೋಣ ಎಂದು ಹಳಬರು ಬಂದಿದ್ದರು. ಶೆಣೈ ದೊಡ್ಡ ಕೆಟಲಿನಲ್ಲಿ ಕಾಫಿ ತಂದಿದ್ದರು. ಗೋಲಾಗುವ ಹೊತ್ತಿಗೆ ದಭೋಯಿ ಕಡೆಯ ಸಣ್ಣ ರೈಲು ನಿಧಾನವಾಗುತ್ತಿದ್ದುದು ಒಬ್ಬರಿಗೆ ನೆನಪು. ಅದೇ ಹಲಗೆಯ ಮೊಳೆಗೆ ಸಿಕ್ಕಿ ಎರಡು ಧೋತರ ಹರಿದದ್ದು ಇನ್ನೊಬ್ಬರಿಗೆ. ಯಾರ ನೆನಪು ಎಲ್ಲಿಂದ ಹೊರಟರೂ ಬಂದು ನಿಲ್ಲುತ್ತಿದ್ದುದು ಮಾತ್ರ ಐವತ್ತನಾಲ್ಕರ ಉತ್ತರಾಯಣದ ದಿನವೇ, ಊರೆಲ್ಲ ಗಾಳಿಪಟ ಹಾರಿಸುವ ಹಬ್ಬದ ದಿನವೇ ನಡೆದ ಆ ಫೈನಲ್‌ಗೇ.

"ಈಗ ನಗ್ತೇವೆ ಮಾರಾಯ್ರೆ, ಆವತ್ತು ನನಗೆ ಎರಡು ದಿನ ಊಟ ಸೇರ್ಲಿಲ್ಲ," ಎಂದರು ಶೆಣೈ. "ಇನ್ನು ಮೂರೇ ನಿಮಿಷ ಬಾಕಿ. ಎದುರು ತಂಡ ಗಿರಣಿಯವರ ಚೆಂಡು ಬರ್ತಾ ಉಂಟು, ಮೆಲ್ಲಗೆ, ಸಂಜೆ ದನ ಹಟ್ಟಿಗೆ ಬಂದ ಹಾಗೆ. ಇವರು ಎಂತ ಮಾಡಿದ್ರು? ಚೆಂಡಿಗೆ ಬೆನ್ನು ಹಾಕಿ, ಎಗರಿ, ಗಾಳಿಪಟ ಹಿಡಿದ್ರು!"

"ಸೂರ್ಯ ಕಣ್ಣಿಗೆ ಹೊಡೀತು ಅಂತ ಹೇಳಿದ್ನಲ್ಲ ಶೆಣೈರೇ," ಎಂದರು ರಾಯರು. ಹನ್ನೆರಡು ವರ್ಷಗಳಿಂದಲೂ ಅವರದು ಇದೊಂದೇ ಉತ್ತರ. ಬೇಕೆಂದೇ ಬಿಟ್ಟ ಎಂದು ಕೆಲವರು ಪಿಸುಗುಟ್ಟಿದಾಗಲೂ, ರೈಲ್ವೆ ತಂಡದಿಂದ ಹೆಸರು ತೆಗೆದಾಗಲೂ ಅವರು ಹೇಳಿದ್ದು ಇದನ್ನೇ. ಆಮೇಲೆ ಅವರು ಈ ಮೈದಾನದ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಇವತ್ತು ಸುಮತಿಯೇ ಹಟಮಾಡಿ ಕರೆತಂದಿದ್ದಳು. ಒಂದು ಮಾತು ಹೇಳುವುದಿತ್ತು. ನಾಳೆ ಮೈದಾನವೇ ಇರುವುದಿಲ್ಲ, ಮತ್ತೆಲ್ಲಿ ನಿಂತು ಹೇಳುವುದು?

ದೂರದಲ್ಲಿ ರೈಲ್ವೆ ಕ್ವಾರ್ಟರ್ಸಿನ ತಾರಸಿ ಬಿಸಿಲಿಗೆ ಮಿನುಗುತ್ತಿತ್ತು. ಆ ತಾರಸಿಯ ಮೇಲೆ ಏಳು ವರ್ಷದ ತಾನು ನಿಂತಿರುವುದು ಸುಮತಿಗೆ ಈಗಲೂ ಕಾಣುತ್ತಿತ್ತು. ಅಜ್ಜಿ ತನ್ನ ಹಳೆಯ ಕೆಂಪು ಸೀರೆಯ ಅಂಚು ಹರಿದು, ನಮ್ಮ ಕನ್ನಡ ಸೀಮೆಯ ಹಾಗೆ ಪಟಕ್ಕೆ ಉದ್ದನೆಯ ಬಾಲಂಗೋಚಿ ಕಟ್ಟಿದ್ದಳು. ಪಕ್ಕದ ತಾರಸಿಯ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದವು. ಆ ಊರಿನ ಪಟಗಳಿಗೆ ಬಾಲವೇ ಇಲ್ಲ. "ನಗಲಿ ಬಿಡು ಪುಟ್ಟಿ," ಎಂದಿದ್ದಳು ಅಜ್ಜಿ. "ಯಾರ ಕೈಗೆ ಹೋಗಬೇಕೋ ಅವರ ಹೆಸರು ಮೂರು ಸಲ ಹೇಳಿ ದಾರ ಬಿಟ್ಟುಬಿಡು. ಗಾಳಿಗೆ ಎಲ್ಲರ ವಿಳಾಸವೂ ಗೊತ್ತು." ಕೆಳಗೆ ಮೈದಾನ ಹಾಸಿಟ್ಟ ಚಾಪೆಯಂತಿತ್ತು. ಅದರ ತುದಿಯಲ್ಲಿ ಹಳದಿ ಅಂಗಿಯ ಅಪ್ಪ, ಅಡಕೆಯಷ್ಟು. ಸುಮತಿ ಮೂರು ಸಲ ಹೆಸರು ಹೇಳಿ ಬೆರಳು ಸಡಿಲಿಸಿದಳು. ಕೆಂಪು ಬಾಲ ತೇಲುತ್ತ ತೇಲುತ್ತ ಇಳಿಯಿತು. ಸ್ವಲ್ಪ ಹೊತ್ತಿಗೆ ಮೈದಾನದಿಂದ ದೊಡ್ಡ ಕೂಗೆದ್ದಿತು. ಎಲ್ಲರೂ ಅಪ್ಪನನ್ನು ಮೆಚ್ಚಿ ಕೂಗುತ್ತಿದ್ದಾರೆಂದು ಅವಳೂ ಚಪ್ಪಾಳೆ ತಟ್ಟಿದ್ದಳು.

"ವಿಠ್ಠಲ ಮಾಮ," ಎಂದಳು ಸುಮತಿ ಎದ್ದು ನಿಂತು. "ಆ ಪಟ ನಂದು. ಪಟದ ಪಂದ್ಯದಲ್ಲಿ ಯಾರೂ ದಾರ ಕತ್ತರಿಸಿದ್ದಲ್ಲ. ನಾನೇ ಅಪ್ಪನಿಗೆ ಅಂತ ಬಿಟ್ಟಿದ್ದು."

ಶೆಣೈ ಕಾಫಿ ಬಗ್ಗಿಸುತ್ತಿದ್ದವರು ಹಾಗೇ ನಿಂತರು. ಲೋಟ ತುಂಬಿ ಚೆಲ್ಲಿತು.

"ಹೇಳೋಕೆ ಧೈರ್ಯ ಬರಲಿಲ್ಲ ಅಪ್ಪ," ಎಂದಳು. "ನಿಮ್ಮ ಆಟ ಹೋಗಿದ್ದು ನನ್ನಿಂದ."

ರಾಯರು ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಗೊತ್ತಿತ್ತು ಕಣೇ. ಇಡೀ ಬರೋಡಾದ ಆಕಾಶದಲ್ಲಿ ಬಾಲಂಗೋಚಿ ಇದ್ದ ಪಟ ಅದೊಂದೇ. ಎಲ್ಲರೂ ಬಲೆಯೊಳಗಿನ ಚೆಂಡು ನೋಡ್ತಿದ್ರು. ನಾನು ಬಾಲ ಕಿತ್ತು ಅಂಗಿಯೊಳಗೆ ತುರುಕಿಕೊಂಡೆ."

"ಗೊತ್ತಿದ್ದೂ ಸೂರ್ಯನ ಮೇಲೆ ಹಾಕಿದ್ರಾ?" ಶೆಣೈಯವರಿಗೆ ನಂಬಿಕೆ ಬರಲಿಲ್ಲ.

"ಸೂರ್ಯನ್ನ ಎಷ್ಟು ಬೈದ್ರೂ ಅವನಿಗೇನೂ ಆಗಲ್ಲ. ಏಳು ವರ್ಷದ ಕೂಸಿಗೆ ಹಾಗಲ್ಲವಲ್ಲ."

"ಅದು ಸರಿ ರಾಯರೇ. ಆದ್ರೂ ಹಿಡಿಯೂದು ಎಂತಕ್ಕೆ? ಬಿದ್ರೆ ಬೀಳ್ತಿತ್ತು, ಒಂದು ಕಾಗದ!"

"ಅವಳಿಗೆ ಅಜ್ಜಿ ಹೇಳಿದ ಕತೆಯನ್ನ ನಮ್ಮಮ್ಮ ಮೊದಲು ಹೇಳಿದ್ದು ನನಗೆ. ಬಾಲ ಕಂಡ ಕೂಡಲೇ ತಿಳೀತು, ಮೇಲೆ ಯಾರೋ ನನ್ನ ಹೆಸರನ್ನ ಮೂರು ಸಲ ಹೇಳಿದ್ದಾರೆ ಅಂತ."

"ಮತ್ತೆ ಚೆಂಡು?"

ರಾಯರು ಬಲೆಯಿಲ್ಲದ ಗೋಲುಕಂಬಗಳ ಕಡೆ ನೋಡಿದರು. ಆಚೆಗೆ ಆಕಾಶ ಖಾಲಿಯಾಗಿತ್ತು.

"ಅದು ಯಾರ ಹೆಸರೂ ಹೇಳಿಸಿಕೊಂಡು ಬಂದಿರಲಿಲ್ಲವಲ್ಲ."