ಮತ್ತೆ ತೊಂಬತ್ತು ದಿನ

ಸೋಮವಾರ ಬೆಳಗ್ಗೆ ಹನ್ನೊಂದೂ ಹತ್ತಕ್ಕೆ ಒಂದು ಐತಿಹಾಸಿಕ ನಿರ್ಧಾರ ಜಾರಿಗೆ ಬಂತು. ಕನ್ನಡಕದ ಅಂಗಡಿಯ ಹಿರಿಯ ಪಾಲುದಾರ ಗಾಜು ಉಜ್ಜುವ ಯಂತ್ರವನ್ನು ನಿಲ್ಲಿಸಿ, ಕೈ ತೊಳೆದುಕೊಂಡು, ತೆರಿಗೆ ಕಚೇರಿಗೆ ಕೊಡಬೇಕಾದ ಐದನೆಯ ದೂರಿಗೆ ಸಹಿ ಹಾಕಿದ. ದೂರಿನ ವಿಷಯ: ಹದಿನಾಲ್ಕು ತಿಂಗಳಾದರೂ ಬಾರದ ರಿಫಂಡ್. ಮೊತ್ತ: ಎರಡು ಡಜನ್ ಕನ್ನಡಕದ ಡಬ್ಬಿ ಕೊಳ್ಳುವಷ್ಟು, ಅದೂ ಚೌಕಾಸಿ ಮಾಡಿದರೆ.

ಮೊತ್ತ ಸಣ್ಣದು. ಅದಕ್ಕೆ ಜೋತುಬಿದ್ದದ್ದು ಸಣ್ಣದಲ್ಲ.

ಕಿರಿಯ ಪಾಲುದಾರ ಅವನ ಒಡಹುಟ್ಟಿದ ತಮ್ಮ. ಇಪ್ಪತ್ತಾರು ವರ್ಷ ಅಣ್ಣ ಗಾಜು ಉಜ್ಜಿದ್ದ, ತಮ್ಮ ಅದನ್ನು ಫ್ರೇಮಿಗೆ ಕೂರಿಸಿದ್ದ. ಒಬ್ಬನ ಕೆಲಸ ಇನ್ನೊಬ್ಬನಿಗೆ ಬಾರದು. ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿ ಕಿಟಕಿಯ ಪಕ್ಕ ಇರಬೇಕೋ ಬಾಗಿಲ ಪಕ್ಕವೋ ಎಂಬಲ್ಲಿಂದ ಶುರುವಾದದ್ದು ಮಾತಿಗೆ ಮಾತು ಬೆಳೆದು, ಕೊನೆಗೆ ಅಣ್ಣನೇ ನಾಲ್ಕು ಜನರ ಎದುರು "ಹಾಗಾದ್ರೆ ಪಾಲು ಮಾಡಿಬಿಡೋಣ" ಅಂದಿದ್ದ. ತಮ್ಮ "ಇವತ್ತೇ" ಅಂದಿದ್ದ.

ಅವತ್ತೇ ಆಗಲಿಲ್ಲ. ಆಡಿಟರ್ ಅಡ್ಡ ಬಂದರು. "ಅಂಗಡಿ ಹೆಸರಿಗೆ ರಿಫಂಡ್ ಬರೋದಿದೆ. ಅದು ಬರೋವರೆಗೆ ಬ್ಯಾಂಕ್ ಖಾತೆ ಮುಚ್ಚೋ ಹಾಗಿಲ್ಲ. ಖಾತೆ ಮುಚ್ಚದೆ ಪಾಲಿಲ್ಲ. ಬಂದ ದಿನ ಇಬ್ಬರೂ ಸಹಿ ಹಾಕಿ, ಅಂಗಡಿಗೆ ಬೀಗ ಹಾಕಿ, ನಿಮ್ಮ ನಿಮ್ಮ ದಾರಿ ಹಿಡೀರಿ." ಪಾಲಿನ ಪತ್ರ ಟೈಪಾಗಿ ಅವರ ಮೇಜಿನ ಖಾನೆಯಲ್ಲಿ ಕಾಯುತ್ತಿತ್ತು. ದಿನಾಂಕದ ಜಾಗ ಮಾತ್ರ ಖಾಲಿ.

ಅಂದಿನಿಂದ ಅಣ್ಣತಮ್ಮಂದಿರು ಒಂದೇ ಮೇಜಿನ ಎರಡು ಬದಿಗೆ ಕೂತು, ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ಆಡಲೇಬೇಕಾದ್ದನ್ನು ಗಿರಾಕಿಗಳ ಮೂಲಕ ರವಾನಿಸುತ್ತಿದ್ದರು. ಆ ಸೋಮವಾರ ಈ ಹೊಣೆ ನಿವೃತ್ತ ಟೀಚರೊಬ್ಬರ ತಲೆಗೆ ಬಿತ್ತು.

"ಟೀಚರ್, ಬಲಗಣ್ಣಿನ ಗಾಜಿನ ಅಂಚು ಕೂದಲೆಳೆಯಷ್ಟು ಜಾಸ್ತಿ ಇದೆ ಅಂತ ಹೇಳಿ ಅವನಿಗೆ," ಅಂದ ತಮ್ಮ.

ಟೀಚರ್ ಹೇಳುವ ಮೊದಲೇ ಅಣ್ಣ ತೊಳೆದ ಕೈಯಲ್ಲೇ ಗಾಜು ತೆಗೆದುಕೊಂಡು, ಯಂತ್ರಕ್ಕೆ ಎರಡು ಸುತ್ತು ಹಿಡಿದು ಮೇಜಿನ ಮೇಲಿಟ್ಟ. ತಮ್ಮ ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದು ಕೂತಿತು. ಇಬ್ಬರೂ ಏಕಕಾಲಕ್ಕೆ ತಲೆಯಾಡಿಸಿದರು. ಅದು ಗಮನಕ್ಕೆ ಬಂದದ್ದೇ ಇಬ್ಬರೂ ನಿಲ್ಲಿಸಿದರು.

"ನಾನು ತೆರಿಗೆ ಆಫೀಸಿಗೆ ಹೋಗಿಬರ್ತೀನಿ," ಅಂದ ಅಣ್ಣ, ಮೂರು ಅಡಿ ಆಚೆಗಿದ್ದ ತಮ್ಮನ ಕಡೆ ಗದ್ದ ತೋರಿಸಿ. "ಅಂಗಡಿ ಬಿಟ್ಟು ಎಲ್ಲೂ ಹೋಗಬಾರದು ಅಂತ ಹೇಳಿ."

"ಕೇಳಿಸ್ತೇನಪ್ಪಾ?" ಟೀಚರ್ ತಮ್ಮನನ್ನು ಕೇಳಿದರು.

"ಇಲ್ಲ ಟೀಚರ್. ನೀವೇ ಹೇಳಿ."

ಟೀಚರ್ ಒಂದಕ್ಷರವನ್ನೂ ಬಿಡದೆ ಒಪ್ಪಿಸಿದರು.

"ಹೋಗಿ ಬರಲಿ," ಅಂದ ತಮ್ಮ. "ಆ ದುಡ್ಡು ಬಂದ್ರೆ ನನಗೂ ಇಲ್ಲಿನ ಋಣ ಹರಿಯತ್ತೆ. ಆಮೇಲೆ ನನ್ನ ಕನ್ನಡಿ, ನನ್ನ ಗೋಡೆ."

"ಇದನ್ನೂ ಹೇಳಬೇಕಾ?" ಟೀಚರ್ ಅಣ್ಣನನ್ನು ನೋಡಿದರು.

"ಬೇಡ ಬಿಡಿ. ನನ್ನ ಕಿವಿ ಇನ್ನೂ ನೆಟ್ಟಗಿದೆ."

ದಾರಿಯುದ್ದಕ್ಕೂ ಅಣ್ಣನನ್ನು ಒಂದು ಗುಮಾನಿ ಕೊರೆಯುತ್ತಿತ್ತು. ತಮ್ಮ ಆ ದಿನ ಅಂಗಡಿಗೆ ಒಂದು ಗಂಟೆ ತಡವಾಗಿ ಬಂದಿದ್ದ. ಸ್ಕ್ರೂ ತರಲು ಹೋಗಿದ್ದನಂತೆ. ಸ್ಕ್ರೂ ಡಬ್ಬಿ ಕಂಠಮಟ್ಟ ತುಂಬಿಯೇ ಇತ್ತು. ಹೊಸ ಅಂಗಡಿ ಹುಡುಕುತ್ತಿದ್ದಾನೆ, ಬೇರೇನಲ್ಲ. ಮುಂಗಡವನ್ನೂ ಕೊಟ್ಟು ಬಂದಿರಬಹುದು. ಅಣ್ಣ ಬಿರುಸಾಗಿ ಹೆಜ್ಜೆ ಹಾಕಿದ.

ತೆರಿಗೆ ಕಚೇರಿಯ ಗೋಡೆಯ ಮೇಲೆ, ರಿಫಂಡ್ ತೊಂಬತ್ತು ದಿನದೊಳಗೆ ಬರುತ್ತದೆಂಬ ಫಲಕ ಬಣ್ಣ ಮಾಸಿ ನೇತಾಡುತ್ತಿತ್ತು. ಮೂರನೆಯ ಕಿಟಕಿಯ ಗುಮಾಸ್ತೆ ಅವನನ್ನು ಕಂಡದ್ದೇ ಪೆನ್ನು ಕೆಳಗಿಟ್ಟಳು.

"ಬಂದ್ರಾ."

"ಐದನೇದು," ಅಂದ ಅಣ್ಣ, ಕಾಗದವನ್ನು ಒಳಕ್ಕೆ ತಳ್ಳುತ್ತ.

"ಯಜಮಾನ್ರೇ, ನಾಲ್ಕು ಸಲ ಬಾಯಿಬಿಟ್ಟು ಹೇಳಿದ್ದೀನಿ. ದೂರು ಕೊಟ್ರೆ ಫೈಲು ಮೇಲಿನ ಮಹಡಿಗೆ ಹೋಗತ್ತೆ. ಅವರು ಮೊದಲನೇ ಪುಟದಿಂದ ಪರಿಶೀಲಿಸ್ತಾರೆ. ಮತ್ತೆ ತೊಂಬತ್ತು ದಿನ. ನೀವು ಸುಮ್ನೆ ಮನೇಲಿ ಕೂತಿದ್ರೆ ಹೋದ ವರ್ಷವೇ ದುಡ್ಡು ಬಂದಿರ್ತಿತ್ತು."

"ತೆರಿಗೆ ಕಟ್ಟೋನು ಸುಮ್ನೆ ಕೂರಬಾರದು."

ಆಕೆ ಕಾಗದವನ್ನು ಓದದೆ ಹಿಂದಕ್ಕೆ ತಳ್ಳಿದಳು. "ಈ ಸಲ ತಗೊಳ್ಳಕ್ಕೆ ಬರಲ್ಲ."

"ಯಾಕೆ?" ಅಣ್ಣನ ದನಿ ಸಣ್ಣದಾಯಿತು. "ಮಂಜೂರಾಗೋಯ್ತಾ?"

"ಆಗಿತ್ತು. ಶುಕ್ರವಾರವೇ ಸಾಹೇಬರ ಸಹಿ ಬಿದ್ದಿತ್ತು. ಇವತ್ತು ಮಧ್ಯಾಹ್ನ ನಿಮ್ಮ ಖಾತೆಗೆ ಹೋಗಬೇಕಿತ್ತು."

ಅಣ್ಣ ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡ. "ಹೋಗಬೇಕಿತ್ತು ಅಂದ್ರೆ?"

"ಬೆಳಗ್ಗೆ ಕಿಟಕಿ ತೆರೆಯೋ ಹೊತ್ತಿಗೆ ನಿಮ್ಮ ತಮ್ಮ ಬಂದು ನಿಂತಿದ್ರು. ಮಂಜೂರಾಗಿದೆ ಅಂದೆ. ಖುಷಿ ಪಡ್ತಾರೆ ಅಂದ್ಕೊಂಡಿದ್ದೆ. ನನ್ನ ಪೆನ್ನನ್ನೇ ಇಸ್ಕೊಂಡು ಇಲ್ಲೇ ನಿಂತು ದೂರು ಬರೆದುಕೊಟ್ರು. ಒಂದು ಫೈಲಿಗೆ ಒಂದು ಸಲಕ್ಕೆ ಒಂದೇ ದೂರು. ಫೈಲು ಮೇಲಕ್ಕೆ ಹೋಗಿಯಾಯ್ತು."

"ಮತ್ತೆ ತೊಂಬತ್ತು ದಿನ ಆಗತ್ತೆ ಅಂತ ಅವನಿಗೆ ಹೇಳಲಿಲ್ವಾ?"

"ಎರಡು ಸಲ ಹೇಳ್ದೆ. 'ಗೊತ್ತು, ಅದಕ್ಕೇ ಕೊಡ್ತಿರೋದು' ಅಂದ್ರು."

ಅಣ್ಣ ತನ್ನ ದೂರನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಹಿಂದಿನ ನಾಲ್ಕನ್ನೂ ತಾನು ಕೊಟ್ಟದ್ದು ಅದಕ್ಕೇ.